ಎದುರು ಕುರ್ಚಿ

ನಮ್ಮ ದೊಡ್ಡಮ್ಮ ಬೈಯುವಾಗ ಧ್ವನಿ ಬಳಸುತ್ತಿರಲಿಲ್ಲ. ಬೀದಿಯ ಆ ಬದಿಯಲ್ಲಿ ನಾನು ಆಡುತ್ತ ಹೊತ್ತು ಮರೆತಿದ್ದರೆ, ಅವಳು ಈ ಬದಿಯ ಬಾಗಿಲಲ್ಲಿ ನಿಂತು, ತುಟಿಗಳನ್ನು ಅಗಲವಾಗಿ ತೆರೆದು ಮುಚ್ಚಿ, ಒಂದಕ್ಷರವೂ ಕೇಳಿಸದ ಹಾಗೆ ನನ್ನ ಜನ್ಮ ಜಾಲಾಡುತ್ತಿದ್ದಳು. ನಡುವೆ ಬಸ್ಸು ಬರಲಿ, ಲಾರಿ ಬರಲಿ, ಅವಳ ಬೈಗುಳಕ್ಕೆ ಅಡ್ಡಿಯಿಲ್ಲ. ಏನಂತಿದ್ದಾರೆ ನಿಮ್ಮ ದೊಡ್ಡಮ್ಮ ಎಂದು ಗೆಳತಿಯರು ಕೇಳಿದರೆ, ಊಟಕ್ಕೆ ಕರೆಯುತ್ತಿದ್ದಾರೆ ಎಂದು ಹೇಳಿ ಮರ್ಯಾದೆ ಉಳಿಸಿಕೊಳ್ಳುತ್ತಿದ್ದೆ.

ಅದು ಮಿಲ್ಲಿನ ಮಾತು. ದೊಡ್ಡಮ್ಮ ಮದುವೆಗೆ ಮುಂಚಿನಿಂದಲೂ ಬಟ್ಟೆ ಮಿಲ್ಲಿನ ಮಗ್ಗದ ಶೆಡ್ಡಿನಲ್ಲಿ ದುಡಿದವಳು. ಸಾಲು ಸಾಲು ಯಂತ್ರದ ಮಗ್ಗಗಳು, ಪ್ರತಿಯೊಂದರಲ್ಲೂ ಲಾಳಿ ಆ ಕಡೆಯಿಂದ ಈ ಕಡೆಗೆ ಬಡಿದುಕೊಂಡು ಓಡುತ್ತಿರುತ್ತದೆ. ಅಲ್ಲಿ ಕಿರುಚಿದರೆ ಕಿರುಚಿದವಳಿಗೇ ಕೇಳಿಸುವುದಿಲ್ಲ. ಹಾಗಾಗಿ ಅಲ್ಲಿನ ಹೆಂಗಸರು ತುಟಿಯಲ್ಲೇ ಆಡುತ್ತಿದ್ದರು, ತುಟಿಯನ್ನೇ ಓದುತ್ತಿದ್ದರು. ಮನೆಯ ಜಗಳ, ಸೊಸೆಯ ಬಸಿರು, ಸೂಪರ್‌ವೈಸರನ ಹೊಸ ಹಲ್ಲಿನ ಸೆಟ್ಟು, ಎಲ್ಲ ಸುದ್ದಿಯೂ ಶೆಡ್ಡಿನ ಈ ತುದಿಯಿಂದ ಆ ತುದಿಗೆ ಸದ್ದಿಲ್ಲದೆ ತಲುಪುತ್ತಿತ್ತು. ಸೂಪರ್‌ವೈಸರನಿಗೆ ಆ ಭಾಷೆ ಬರುತ್ತಿರಲಿಲ್ಲ. ಅವನ ಮುಂದೆಯೇ ನಿಂತು ಅವನನ್ನು ಆಡಿಕೊಳ್ಳುವ ಸುಖ ಬೇರೆ ಯಾವ ಕೆಲಸದಲ್ಲೂ ಇಲ್ಲ ಎನ್ನುತ್ತಿದ್ದಳು ದೊಡ್ಡಮ್ಮ.

ಆ ಸುಖದ ಜೊತೆಗೆ ಕಿವಿಯೂ ಸವೆಯುತ್ತ ಬಂತು. ಮಿಲ್ಲಿನವರ ಕಿವಿ ಒಮ್ಮೆಲೇ ಹೋಗುವುದಿಲ್ಲ. ಮೊದಲು ಸಣ್ಣ, ಚೂಪು ದನಿಗಳು ಹೋಗುತ್ತವೆ. ಬಾಗಿಲು ಬಡಿದರೆ ಕೇಳುತ್ತದೆ, ಹಕ್ಕಿ ಕೂಗಿದರೆ ಇಲ್ಲ. ಮಾತಿನ ಗುನುಗು ಕೇಳುತ್ತದೆ, ಯಾವ ಮಾತು ಎಂದು ತಿಳಿಯುವುದಿಲ್ಲ. ದೊಡ್ಡಮ್ಮ ಎದುರಿಗಿದ್ದವರ ತುಟಿ ನೋಡಿ ಎಲ್ಲಕ್ಕೂ ಪಟಪಟ ಉತ್ತರ ಕೊಡುತ್ತಿದ್ದುದರಿಂದ ಮನೆಯಲ್ಲಿ ಯಾರಿಗೂ ಅನುಮಾನ ಬರಲಿಲ್ಲ. ಹಿಂದಿನಿಂದ ಕರೆದಾಗ ಮಾತ್ರ ತಿರುಗಿಯೂ ನೋಡುತ್ತಿರಲಿಲ್ಲ. ನಮ್ಮಕ್ಕನಿಗೆ ಸಂಬಳ ಬರುತ್ತೆ, ಅದಕ್ಕೇ ಜಂಬ ಎಂದು ನನ್ನಮ್ಮ ಮೂಗು ಮುರಿಯುತ್ತಿದ್ದಳು. ನಾವು ಅದೇ ಮನೆಯ ಮಹಡಿಯಲ್ಲಿದ್ದೆವು. ಇಷ್ಟು ಹತ್ತಿರವಿದ್ದೂ ನಮಗೆ ತಿಳಿಯಲಿಲ್ಲ ಎಂದರೆ ನಮ್ಮ ಕಣ್ಣಿಗೆ ಏನು ಬಡಿದಿತ್ತೋ.

ಇನ್ನು ದೊಡ್ಡಪ್ಪ. ಕೆಳಗಿನ ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ, ಗಡಿಯಾರ ರಿಪೇರಿ. ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಬಗ್ಗಿ ಕೂತು, ಕೆಟ್ಟ ಗಡಿಯಾರವನ್ನು ಮೊದಲು ಕಿವಿಗೆ ಹಿಡಿಯುತ್ತಿದ್ದ. ಟಿಕ್ ಟಿಕ್ ಕುಂಟುತ್ತಿದೆಯೋ, ಉಸಿರು ಹಿಡಿಯುತ್ತಿದೆಯೋ ಕೇಳಿ, ಆಮೇಲೆ ಮುಚ್ಚಳ ತೆಗೆಯುತ್ತಿದ್ದ. ಪಿಟ್ಟೆನ್ನದ ಮನುಷ್ಯ. ಇಡೀ ದಿನದಲ್ಲಿ ಅವನು ಆಡಿದ ಮಾತನ್ನು ಒಂದು ಚಹಾದ ಲೋಟದಲ್ಲಿ ತುಂಬಿದರೆ ಇನ್ನೂ ಜಾಗ ಉಳಿಯುತ್ತಿತ್ತು.

ಸಂಜೆ ಅಂಗಡಿಯ ಬಾಗಿಲೆಳೆದ ಮೇಲೆ ಅವನಿಗೆ ಹಾಡು ಬೇಕು. ಊಟದ ಮೇಜಿನ ಒಂದು ಬದಿಗೆ ಅವನ ಕುರ್ಚಿ, ಎದುರು ಬದಿಗೆ ದೊಡ್ಡಮ್ಮನದು, ಗೋಡೆಯ ಶೆಲ್ಫಿನಲ್ಲಿ ಟೇಪ್ ರೆಕಾರ್ಡರ್. ಹಾಡು ಶುರುವಾದರೆ ಅವನು ಕಣ್ಣು ಮುಚ್ಚಿಕೊಂಡು, ದನಿ ತೆಗೆಯದೆ, ಬಾಯಲ್ಲೇ ಪೂರ್ತಿ ಹಾಡುತ್ತಿದ್ದ. ಹಗಲೆಲ್ಲ ಬಾಯಿಗೆ ಬೀಗ ಹಾಕಿಕೊಂಡಿದ್ದವನು ಆ ಒಂದು ಗಂಟೆ ಪ್ರಪಂಚಕ್ಕೆಲ್ಲ ಮಾತಾಡಿಬಿಡುವವನಂತೆ ತುಟಿ ಆಡಿಸುತ್ತಿದ್ದ. ದೊಡ್ಡಮ್ಮ ಗಲ್ಲಕ್ಕೆ ಕೈಕೊಟ್ಟು, ರೆಪ್ಪೆ ಮಿಟುಕಿಸದೆ ಅವನನ್ನೇ ನೋಡುತ್ತ ಕೂರುತ್ತಿದ್ದಳು. ಮಿಲ್ಲಿನಲ್ಲಿ ದುಡಿದು ಸೋತು ಬಂದವಳು ಆ ಹೊತ್ತಿಗೆ ಹೂವಿನ ಹಾಗೆ ಅರಳಿರುತ್ತಿದ್ದಳು. ನೋಡಿದವರೆಲ್ಲ, ಸಂಗೀತದ ಹುಚ್ಚಿದ್ದರೆ ಇವರ ಹಾಗಿರಬೇಕು ಎನ್ನುತ್ತಿದ್ದರು. ನಾನೂ ಹಾಗೇ ಅಂದುಕೊಂಡಿದ್ದೆ.

ದೊಡ್ಡಮ್ಮ ನಿವೃತ್ತಳಾದ ವರ್ಷ ಟೇಪ್ ರೆಕಾರ್ಡರ್ ಕೊನೆಯುಸಿರೆಳೆಯಿತು. ಆಗ ನಮ್ಮ ಮನೆಗೆ ಒರಿಜಿನಲ್ ಮಾವ ಕಾಲಿಟ್ಟರು. ಬೀದಿಯ ಮೂಲೆಯಲ್ಲಿ ಹಿಂದೆ ಅವರದೊಂದು ಕ್ಯಾಸೆಟ್ ಅಂಗಡಿಯಿತ್ತು. ಇಲ್ಲಿ ಒರಿಜಿನಲ್ ಮಾತ್ರ ಎಂದು ಬೋರ್ಡು ಹಾಕಿದ್ದರು. ಅಂಗಡಿ ಹೋಯಿತು, ಹೆಸರು ಅಂಟಿಕೊಂಡಿತು. ದೊಡ್ಡಪ್ಪನ ಹಳೆಯ ಸ್ನೇಹಿತರು, ಕೆಟ್ಟವರಲ್ಲ, ಆದರೆ ಸಂಗೀತದ ವಿಷಯ ಬಂದರೆ ನೆಟ್ಟಗೆ ನ್ಯಾಯಾಧೀಶರ ಕುರ್ಚಿಯಲ್ಲೇ ಕೂರುವ ಜಾತಿ. ಅವರೇ ಆರಿಸಿಕೊಟ್ಟ ಹೊಸ ಡಿಜಿಟಲ್ ಸೆಟ್ಟು ಬಂತು. ಹಾಡುಗಳನ್ನೆಲ್ಲ ಹೊಟ್ಟೆಯಲ್ಲಿಟ್ಟುಕೊಂಡ ಒಂದು ಚಪ್ಪಟೆ ಡಬ್ಬಿ, ಒಂದು ಆಂಪ್ಲಿಫೈಯರ್, ಎರಡು ಸ್ಪೀಕರ್. ಮೊಬೈಲ್ ಪರದೆ ಮುಟ್ಟಿದರೆ ಹಾಡು.

ಮಾವ ಅಳತೆ ಟೇಪು ಹಿಡಿದು ಕೋಣೆಯನ್ನು ದರ್ಜಿಯಂತೆ ಅಳೆದರು. ಎರಡು ಸ್ಪೀಕರಿಗೂ ಕೇಳುವವನ ತಲೆಗೂ ಸಮ ಅಂತರವಿರಬೇಕು, ಒಂದು ಅಂಗುಲ ಆಚೀಚೆಯಾದರೂ ಸ್ಟೀರಿಯೋ ಕೆಡುತ್ತದೆ ಎಂದರು. ಮೇಜು ಅಡುಗೆಮನೆಗೆ ಹೋಯಿತು. ದೊಡ್ಡಪ್ಪನ ಕುರ್ಚಿ ಕೋಣೆಯ ನಟ್ಟನಡುವೆ, ಸ್ಪೀಕರಿಗೆ ಮುಖ ಮಾಡಿ ನಿಂತಿತು. ಸರಿಯಾದ ಜಾಗ ಒಂದೇ ಇರುವುದರಿಂದ ದೊಡ್ಡಮ್ಮನ ಕುರ್ಚಿಯನ್ನು ಅವನ ಹಿಂದೆ, ಗೋಡೆಗೆ ತಳ್ಳಿದರು. ಈಕ್ವಲೈಜರನ್ನು ಮಾತ್ರ ಯಾವ ಕಾರಣಕ್ಕೂ ಮುಟ್ಟಬಾರದು ಎಂದು ಮಾವ ತಾಕೀತು ಮಾಡಿದರು. ಹಾಡಿನ ದಪ್ಪ ದನಿ, ನಡುದನಿ, ಸಣ್ಣ ದನಿಗಳನ್ನು ಬೇರೆ ಬೇರೆಯಾಗಿ ಏರಿಸಲು ಇಳಿಸಲು ಮೊಬೈಲ್ ಪರದೆಯ ಮೇಲಿರುವ ಕಡ್ಡಿಗಳ ಸಾಲು ಅದು. ಹಾಡಿದವರು ಹೇಗೆ ಹಾಡಿದ್ದಾರೋ ಹಾಗೇ ಕೇಳಬೇಕು, ಕಡ್ಡಿ ಅಲ್ಲಾಡಿಸುವುದು ಇನ್ನೊಬ್ಬರ ಮಗುವಿನ ಮೂಗು ತಿದ್ದಿದ ಹಾಗೆ ಎಂದರು. ದೊಡ್ಡಪ್ಪ ತಲೆಯಾಡಿಸಿದ.

ಅವತ್ತಿನಿಂದ ದೊಡ್ಡಮ್ಮ ಬಾಡತೊಡಗಿದಳು. ಕೆಲವು ಸಂಜೆ ಗೋಡೆಯ ಕುರ್ಚಿಯಲ್ಲಿ ಕೂತಳು. ಆಮೇಲೆ ಮಧ್ಯದಲ್ಲೇ ಎದ್ದು ಹೋಗುತ್ತಿದ್ದಳು. ಆಮೇಲೆ ಬರುವುದನ್ನೇ ಬಿಟ್ಟಳು. ಹಾಡಿನ ಹೊತ್ತಿಗೆ ಸರಿಯಾಗಿ ಅವಳಿಗೆ ಪಾತ್ರೆ ತಿಕ್ಕುವುದು ಇರುತ್ತಿತ್ತು. ತಿಕ್ಕಿದ್ದನ್ನೇ ಮತ್ತೆ ತಿಕ್ಕುತ್ತಿದ್ದಳು.

ದೊಡ್ಡಪ್ಪ ಒಳಗೊಳಗೇ ಕುಗ್ಗಿದ. ಹೆಂಡತಿಗೆ ಹೊಸ ಸೆಟ್ಟಿನ ದನಿ ಹಿಡಿಸಿಲ್ಲ ಎಂದು ತೀರ್ಮಾನಿಸಿ ಒರಿಜಿನಲ್ ಮಾವನ ಹತ್ತಿರ ಹೇಳಿಕೊಂಡ. ಅವರ ಬಳಿ ಎಲ್ಲಕ್ಕೂ ಔಷಧವಿತ್ತು. ಡಿಜಿಟಲ್ ಎಂದರೆ ಹಾಡನ್ನು ಅಂಕಿಗಳಾಗಿ ಕತ್ತರಿಸಿಟ್ಟಿರುವುದು, ಅಂಕಿ ಅಂಕಿಯ ನಡುವೆ ಸಂದು ಇರುತ್ತದೆ, ಆ ಸಂದಿನಲ್ಲಿ ಹೊಸ ಅಂಕಿ ತುಂಬಿ ಹಾಡನ್ನು ನುಣುಪು ಮಾಡುವ ಯಂತ್ರವೊಂದಿದೆ, ಅಪ್‌ಸ್ಯಾಂಪ್ಲರ್ ಎನ್ನುತ್ತಾರೆ ಎಂದರು. ತಮ್ಮದನ್ನೇ ತಂದು ಜೋಡಿಸಿಕೊಟ್ಟರು. ಅದಕ್ಕೊಂದು ನೀಲಿ ದೀಪವಿತ್ತು. ದೀಪ ಹತ್ತಿದ ಕೂಡಲೇ ಮಾವನೂ ದೊಡ್ಡಪ್ಪನೂ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಏನೋ ಪರದೆ ಸರಿದ ಹಾಗಾಯಿತು ಎಂದರು. ನನಗೂ ಹಾಗೇ ಅನ್ನಿಸಿತು, ಸುಳ್ಳೇಕೆ ಹೇಳಲಿ.

ದೊಡ್ಡಮ್ಮನನ್ನು ಅಡುಗೆಮನೆಯಿಂದ ಕರೆತಂದು ಕೂರಿಸಿದೆವು. ಅವಳು ಯಂತ್ರ ಏನು ಮಾಡುತ್ತದೆಂದು ನನ್ನಿಂದ ಎರಡೆರಡು ಸಲ ಹೇಳಿಸಿಕೊಂಡಳು. ನೇಯ್ದು ಮುಗಿದ ಸೀರೆಯ ಎಳೆಗಳ ನಡುವೆ ಅಕ್ಕಪಕ್ಕದ ಬಣ್ಣದ್ದೇ ಇನ್ನಷ್ಟು ಎಳೆ ಸೇರಿಸಿದರೆ ಬಟ್ಟೆ ಒತ್ತಾಗಬಹುದು, ಅಂಚಿನಲ್ಲಿ ಇಲ್ಲದ ಹೂವು ಎಲ್ಲಿಂದ ಬರುತ್ತದೆ ಎಂದು ಕೇಳಿದಳು. ಇದು ಸೀರೆಯಲ್ಲಮ್ಮ ಎಂದರು ಮಾವ. ಹಾಡು ಮುಗಿಯುವ ಮೊದಲೇ ಅವಳು ಎದ್ದು ಹೋದಳು.

ಆ ಯಂತ್ರದ ಕಥೆ ಅಲ್ಲಿಗೇ ಮುಗಿಯಲಿಲ್ಲ. ಒಂದು ದಿನ ದೊಡ್ಡಪ್ಪ ಅದರ ಧೂಳೊರೆಸುವಾಗ ಹಿಂದೆ ಒಂದು ಗುಂಡಿ ಕಂಡಿತು. ಅದು ಒತ್ತಿಕೊಂಡೇ ಇತ್ತು. ಒತ್ತಿದ್ದರೆ ಹಾಡು ಯಂತ್ರದೊಳಗೆ ಹೋಗುವುದೇ ಇಲ್ಲ, ಪಕ್ಕದಿಂದ ಹಾದುಹೋಗುತ್ತದೆ ಎಂದು ಪುಸ್ತಿಕೆಯಲ್ಲಿತ್ತು. ಇಷ್ಟು ದಿನ ನಾವು ಮೆಚ್ಚಿಕೊಂಡಿದ್ದು ಬರೀ ನೀಲಿ ದೀಪವನ್ನು. ದೊಡ್ಡಪ್ಪ ಗುಂಡಿ ಬಿಡಿಸಿ ಕೇಳಿದ, ಒತ್ತಿ ಕೇಳಿದ, ನನ್ನಿಂದ ಒತ್ತಿಸಿ ತಾನು ಬೆನ್ನು ತಿರುಗಿಸಿ ಕೇಳಿದ. ಗಡಿಯಾರ ಉಸಿರು ಹಿಡಿದರೂ ಗೊತ್ತಾಗುವ ಕಿವಿಗೆ ಎಳ್ಳಷ್ಟೂ ವ್ಯತ್ಯಾಸ ಸಿಗಲಿಲ್ಲ. ಕೆಟ್ಟ ಗಡಿಯಾರವನ್ನು ಚೆನ್ನಾಗಿದೆ ಎಂದು ಗಿರಾಕಿಗೆ ಕೊಟ್ಟವನಲ್ಲ ಅವನು. ಯಂತ್ರವನ್ನು ಬಟ್ಟೆಯಲ್ಲಿ ಸುತ್ತಿ ಮಾವನ ಮನೆಗೆ ಮರಳಿಸಿ ಬಂದ. ಬಂದವನು ಸೀದಾ ಅಡುಗೆಮನೆಗೆ ಹೋಗಿ, ನಲ್ಲಿ ನಿಲ್ಲಿಸಿ, ದೊಡ್ಡಮ್ಮನ ಎದುರು ನಿಂತ.

"ಆ ದನಿಯಲ್ಲಿ ನಿಂಗೆ ಏನು ಸರಿಹೋಗ್ತಿಲ್ಲ, ಹೇಳು. ಸೆಟ್ಟೇ ವಾಪಸ್ ಕೊಟ್ಬಿಡ್ತೀನಿ."

ದೊಡ್ಡಮ್ಮ ಕೈ ಒರೆಸಿಕೊಂಡಳು. ನಾನು ಬಾಗಿಲಲ್ಲಿದ್ದೆ.

"ಸೆಟ್ಟಿನ ತಪ್ಪಲ್ಲ. ನಿಮ್ಮ ಬೆನ್ನು ಹಾಡಲ್ಲ."

ಅವನಿಗೆ ಅರ್ಥವಾಗಲಿಲ್ಲ. ಅವಳು ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟಳು. ಮದುವೆಯ ಹೊಸದರಲ್ಲೇ ಕಿವಿ ಮಂದವಾಗಿತ್ತು. ಶೆಲ್ಫಿನಿಂದ ಅವಳಿಗೆ ಬರುತ್ತಿದ್ದುದು ಗೋಡೆಯಾಚೆ ಯಾರೋ ಗೊಣಗಿದಂಥ ದಪ್ಪ ಸದ್ದು, ತಾಳದ ಪೆಟ್ಟು, ಅಷ್ಟೇ. ಹಾಡು ಇದ್ದದ್ದು ಅವನ ತುಟಿಯಲ್ಲಿ. ಇಷ್ಟು ವರ್ಷ ಅವಳು ಕೇಳಿದ ಒಂದೊಂದು ಹಾಡನ್ನೂ ಅವನ ಬಾಯಿಂದ ಓದಿಕೊಂಡಿದ್ದಳು. ಅವನಿಗೆ ಸಾಲು ಮರೆತು ತುಟಿ ಕಚ್ಚಿಕೊಂಡರೆ ಅಲ್ಲಿ ಹಾಡೂ ನಿಂತಿದೆ ಎಂದುಕೊಂಡಿದ್ದಳು. ಒರಿಜಿನಲ್ ಮಾವ ಅಳತೆ ಟೇಪು ಹಿಡಿದು ಕುರ್ಚಿ ತಿರುಗಿಸಿದ ದಿನ ಅವಳ ಪಾಲಿನ ಸಂಗೀತ ನಿಂತುಹೋಗಿತ್ತು.

ದೊಡ್ಡಪ್ಪ ಅಂಗಡಿಗೆ ಹೋಗಿ ಒಂದು ಕೈಗಡಿಯಾರ ತಂದು ಅವಳ ಕಿವಿಗೆ ಹಿಡಿದ. ಅವಳು ಅಡ್ಡಡ್ಡ ತಲೆಯಾಡಿಸಿದಳು. ಇನ್ನೊಂದು ಕಿವಿಗೆ ಹಿಡಿದ. ಅಲ್ಲೂ ಅಷ್ಟೆ. ಗಡಿಯಾರದವನನ್ನು ಕಟ್ಟಿಕೊಂಡು ಟಿಕ್ ಟಿಕ್ ಕೇಳಿಸಲ್ಲ ಅಂತ ಯಾವ ಬಾಯಲ್ಲಿ ಹೇಳೋದು ಎಂದು ಅವಳು ರೇಗಿದಳು. ರೇಗಿದ್ದು ಅವನ ಮೇಲಲ್ಲ. ಅವನು ಸ್ಟೂಲ್ ಎಳೆದುಕೊಂಡು ಅಲ್ಲೇ ಕೂತುಬಿಟ್ಟ.

ಕಿವಿಯ ಡಾಕ್ಟರು ಪರೀಕ್ಷೆ ಮಾಡಿ ಒಂದು ನಕ್ಷೆ ಕೊಟ್ಟರು. ದಪ್ಪ ದನಿಗಳ ಕಡೆ ಗೆರೆ ನೆಟ್ಟಗಿತ್ತು, ಸಣ್ಣ ದನಿಗಳ ಕಡೆ ಬಂದಂತೆ ಬಾವಿಗೆ ಬಿದ್ದ ಹಾಗೆ ಇಳಿದಿತ್ತು. ಕಿವಿಯ ಯಂತ್ರವೂ ಬಂತು. ಮಾತಿಗೆ ಅದು ಪರವಾಗಿಲ್ಲ. ನಲ್ಲಿ ಬಿಟ್ಟರೆ ಹೀಗೆ ಸದ್ದು ಬರುತ್ತದಾ ಎಂದು ದೊಡ್ಡಮ್ಮ ಬೆಪ್ಪಾಗಿ ಕೂತಿದ್ದಳು. ಆದರೆ ಹಾಡು ಹಾಕಿದರೆ ತಗಡಿನ ಮೇಲೆ ಕಲ್ಲು ಸುರಿದಂತಾಗುತ್ತಿತ್ತು. ಕಿತ್ತು ಶೆಲ್ಫಿನಲ್ಲಿ ನಕ್ಷೆಯ ಪಕ್ಕ ಇಟ್ಟಳು. ಅವಳ ಕಣ್ಣು ನಕ್ಷೆಯ ಮೇಲೆ ಬಿತ್ತು. ಮಾವ ಮುಟ್ಟಬೇಡಿ ಎಂದಿದ್ದ ಕಡ್ಡಿಗಳ ಸಾಲನ್ನು ತೋರಿಸು ಎಂದು ನನ್ನ ಮೊಬೈಲ್ ಕಸಿದುಕೊಂಡಳು. ನಕ್ಷೆಯಲ್ಲಿ ಗೆರೆ ಎಲ್ಲಿ ಇಳಿದಿದೆಯೋ ಅಲ್ಲಿ ಕಡ್ಡಿ ಏರಿಸಬೇಕು, ಸಡಿಲಾದ ಎಳೆಯನ್ನು ಬಿಗಿ ಮಾಡಿದಂತೆ, ಇದರಲ್ಲಿ ತಲೆ ಕೆಡಿಸಿಕೊಳ್ಳುವುದೇನಿದೆ ಎಂದಳು.

ಕುರ್ಚಿಗಳು ಮತ್ತೆ ಎದುರುಬದುರಾದವು. ದೊಡ್ಡಪ್ಪ ತನಗೆ ಬಾಯಿಪಾಠವಿದ್ದ ಹಾಡು ಹಾಕಿ, ಹಳೆಯ ಹಾಗೇ ತುಟಿಯಾಡಿಸುತ್ತ ಕೂತ. ಅವಳು ಒಂದು ಕಣ್ಣು ಅವನ ತುಟಿಯ ಮೇಲಿಟ್ಟು, ಬೆರಳಲ್ಲಿ ಕಡ್ಡಿ ಸರಿಸುತ್ತ ಹೋದಳು. ತುಟಿ ಹೇಳಿದ್ದನ್ನೇ ಕಿವಿಯೂ ಹೇಳುವವರೆಗೆ ಬಿಡುವುದಿಲ್ಲ ಎಂದು ಪಟ್ಟು ಹಿಡಿದಿದ್ದಳು. ಒಂದು ಕಡ್ಡಿ ಮೇಲೆ ಹೋದಾಗ ಅವಳ ಬೆರಳು ನಿಂತಿತು. ಹಾಡುವವಳು ಸಾಲಿಗೆ ಮುಂಚೆ ಉಸಿರೆಳೆದುಕೊಂಡದ್ದು ಅವಳಿಗೆ ಕೇಳಿಸಿತ್ತು. ದೊಡ್ಡಪ್ಪನ ತುಟಿಯಲ್ಲಿ ಅದು ಯಾವತ್ತೂ ಇರಲಿಲ್ಲ. ಸಾಲಿನ ಕೊನೆಯಲ್ಲಿ ಸಣ್ಣ ಗೆಜ್ಜೆಯಂಥದ್ದೇನೋ ಅಲುಗಿತು.

"ಇದೆಲ್ಲ ಮೊದಲಿಂದಾನೂ ಇತ್ತಾ?" ಎಂದಳು.

ಇತ್ತು ಎಂದ ದೊಡ್ಡಪ್ಪ. ಅವಳಿಗೆ ಅಳು ಬಂದದ್ದಕ್ಕಿಂತ ಹೆಚ್ಚು ಸಿಟ್ಟು ಬಂತು. ಮಿಲ್ಲು ತನ್ನಿಂದ ಏನೇನು ಕಿತ್ತುಕೊಂಡಿದೆ ಎಂದು ಅವಳಿಗೆ ಮೊದಲ ಸಲ ಲೆಕ್ಕ ಸಿಕ್ಕಿತ್ತು.

ಅಲ್ಲಿಗೆ ಸುಖಾಂತ್ಯವಾಗಬೇಕಿತ್ತು. ಆದರೆ ಸಣ್ಣ ದನಿಗಳನ್ನು ಅಷ್ಟು ಎತ್ತಿದರೆ ಒಳ್ಳೆಯ ಕಿವಿಗೆ ಸೂಜಿ ಚುಚ್ಚಿದಂತೆ. ನಾನು ಮಹಡಿಯಲ್ಲೇ ಹಲ್ಲು ಕಚ್ಚಿಕೊಳ್ಳುತ್ತಿದ್ದೆ. ದೊಡ್ಡಪ್ಪನ ಕಿವಿಯಂತೂ ಅಂಥ ದನಿಗಳಿಗೇ ಸಾಣೆ ಹಿಡಿದದ್ದು. ಅವನು ಚಕಾರವೆತ್ತದೆ ಎದುರಿಗೆ ಕೂತು ತುಟಿಯಾಡಿಸಿದ. ಒಂದು ಸಂಜೆ ಅವಳು ಹತ್ತಿರ ಹೋಗಿ ನೋಡಿದರೆ ಕಿವಿಯಲ್ಲಿ ಹತ್ತಿ ತುರುಕಿಕೊಂಡಿದ್ದಾನೆ. ಇಷ್ಟು ವರ್ಷ ಅವಳು ಕೇಳದೆ ಕೂತದ್ದಾಯಿತು, ಇನ್ನು ಮೇಲೆ ತನ್ನ ಸರದಿ ಎಂಬಂತೆ.

ದೊಡ್ಡಮ್ಮ ಹತ್ತಿಯನ್ನು ಎಳೆದು ಬಿಸಾಕಿದಳು. ಮಿಲ್ಲಿನಲ್ಲಿ ಹತ್ತಿ ತುರುಕಿಕೊಂಡು ಬದುಕಿದ್ದು ಸಾಕು, ನನ್ನ ಮನೇಲಿ ಅದು ಬೇಡ ಎಂದಳು. ಅವಳಿಗೊಂದು ಹೆಡ್‌ಫೋನ್ ತರೋಣ, ನೀವು ನಿಮ್ಮದನ್ನು ಕೇಳಿ ಎಂದು ನಾನು ಬಾಯಿ ಹಾಕಿದೆ. ಒಂದೇ ಕೋಣೆಯಲ್ಲಿ ಕೂತು ಬೇರೆ ಬೇರೆ ಸಂಸಾರ ಮಾಡಿದ ಹಾಗೆ ಎಂದು ಅವಳು ನನ್ನ ಮುಖಕ್ಕೆ ಹೊಡೆದ ಹಾಗೆ ಹೇಳಿದಳು. ಒರಿಜಿನಲ್ ಮಾವನ ಕಿವಿಗೂ ವಿಷಯ ಬಿತ್ತು. ಅವರು ದೊಡ್ಡಪ್ಪನಿಗೆ ಫೋನ್ ಮಾಡಿ, ಅವಳಿಗೆ ಹೇಗಿದ್ದರೂ ಕೇಳಿಸದ ಮೇಲೆ ನೀನು ಯಾಕೆ ಹಾಡು ಕೆಡಿಸಿಕೊಳ್ತೀಯ, ಕಡ್ಡಿಗಳನ್ನೆಲ್ಲ ಮೊದಲಿನ ಜಾಗಕ್ಕೆ ತಾ ಎಂದರು. ಅವರಿಗೆ ಅದು ಬುದ್ಧಿವಾದ. ನನಗೆ ಮೈ ಉರಿಯಿತು. ಈಕ್ವಲೈಜರಿನಿಂದ ಹಾಡು ಸುಧಾರಿಸುತ್ತದೋ ಕೆಡುತ್ತದೋ ಎಂದು ಗಂಟೆಗಟ್ಟಲೆ ವಾದ ಮಾಡುವ ಈ ಜನ, ಯಾರ ಕಿವಿಗೆ ಎಂದು ಒಂದು ಸಲವಾದರೂ ಕೇಳಿದ್ದಾರೆಯೇ?

ಒಂದೆರಡು ಸಂಜೆ ಕೋಣೆ ಸುಮ್ಮನಿತ್ತು. ಇಬ್ಬರೂ ಎದುರುಬದುರು ಕೂತು ಚಹಾ ಕುಡಿದರು. ಹಾಡಿಲ್ಲ. ಹೀಗೇ ಬಿಟ್ಟರೆ ಆ ಒಂದು ಗಂಟೆ ಈ ಮನೆಯಿಂದ ಕೈಬಿಟ್ಟು ಹೋಗುತ್ತದೆ ಎಂದು ನನಗೆ ದಿಗಿಲಾಗಿತ್ತು. ಆಗ ದೊಡ್ಡಮ್ಮ ಇದ್ದಕ್ಕಿದ್ದಂತೆ ಲೋಟ ಕೆಳಗಿಟ್ಟು ಹೇಳಿದಳು.

"ಮಿಲ್ಲಲ್ಲಿ ಅಕ್ಕಪಕ್ಕ ಎರಡು ಮಗ್ಗ ನಾನೊಬ್ಳೇ ನೋಡ್ಕೋತಿದ್ದೆ. ಇದರ ಬಿಗಿ ಅದಕ್ಕೆ ಹಾಕ್ತಿದ್ನಾ? ಅದರದು ಅದಕ್ಕೆ, ಇದರದು ಇದಕ್ಕೆ. ಸ್ಪೀಕರ್ ಎರಡಿದೆಯಲ್ಲ."

ದೊಡ್ಡಪ್ಪ ತಲೆಯೆತ್ತಿದ. ಅವನ ಮುಖದಲ್ಲಿ ಸಿಕ್ಕಿಹಾಕಿಕೊಂಡ ಚಕ್ರ ಬಿಡಿಸಿಕೊಂಡಾಗಿನ ಬೆಳಕಿತ್ತು. ಆಂಪ್ಲಿಫೈಯರಿನಲ್ಲಿ ಎರಡೂ ಸ್ಪೀಕರಿಗೆ ಒಂದೇ ಹಾಡು ಪೂರ್ತಿಯಾಗಿ ಹೋಗುವ ಹಾಗೆ ಮಾಡಿದೆವು. ಎಡದ್ದಕ್ಕೆ ಅವಳ ಕಡ್ಡಿಗಳು, ಬಲದ್ದಕ್ಕೆ ಯಾವ ಕಡ್ಡಿಯೂ ಮುಟ್ಟಿಲ್ಲ. ಎಲ್ಲಿಡುವುದೆಂದು ಹೇಳಿದವನು ದೊಡ್ಡಪ್ಪ. ಸಣ್ಣ ದನಿ ಟಾರ್ಚಿನ ಬೆಳಕಿನ ಹಾಗೆ ನೇರ ಹೋಗುತ್ತದೆ, ಗಡಿಯಾರದ ಬೆನ್ನು ತಿರುಗಿಸಿದರೆ ಟಿಕ್ ಟಿಕ್ ಅರ್ಧವಾಗುತ್ತದೆ ಎಂದು ಅವನಿಗೆ ಗೊತ್ತಿತ್ತು. ಆದ್ದರಿಂದ ಅವಳ ಸ್ಪೀಕರನ್ನು ತನ್ನ ಭುಜದ ಪಕ್ಕದಲ್ಲಿ, ಅವಳಿಗೆ ಮುಖ ಮಾಡಿ ಇಟ್ಟ. ತನ್ನದನ್ನು ಅವಳ ಭುಜದ ಪಕ್ಕದಲ್ಲಿ, ತನಗೆ ಮುಖ ಮಾಡಿ ಇಟ್ಟ. ಚೂಪು ದನಿ ಅವನ ಕಡೆ ಸೋರದಂತೆ ಸಂದುಗೊಂದುಗಳಲ್ಲಿ ತುಂಬಲು ಒಂದಷ್ಟು ದಿಂಬು ಬೇಕಾದವು, ವಾಲ್ಯೂಮಿನ ಮೇಲೆ ಎರಡು ದಿನ ಜಗಳವಾಯಿತು. ಆಮೇಲೆ ಕುದುರಿತು. ಚೂಪು ಇನ್ನೂ ಸ್ವಲ್ಪ ಬರುತ್ತೆ, ಆದರೆ ಹತ್ತಿ ಬೇಡ ಎಂದ ದೊಡ್ಡಪ್ಪ. ಅವಳಿಗೆ ಹಾಡು ಅವನ ಕಡೆಯಿಂದ, ಅವನ ತುಟಿ ಅಲ್ಲಾಡುವ ಜಾಗದಿಂದಲೇ ಬರುತ್ತಿತ್ತು.

ಸುದ್ದಿ ನಂಬದೆ ಒರಿಜಿನಲ್ ಮಾವ ಖುದ್ದಾಗಿ ನೋಡಲು ಬಂದರು. ಬಾಗಿಲಲ್ಲೇ ನಿಂತು ಬಾಯಿ ಬಿಟ್ಟರು. ತಾವು ಅಂಗುಲ ಅಂಗುಲ ಅಳೆದಿಟ್ಟ ಸ್ಪೀಕರುಗಳು ಜಗಳಗಂಟರ ಹಾಗೆ ವಿರುದ್ಧ ದಿಕ್ಕಿಗೆ ಮುಖ ಮಾಡಿ, ಒಂದಕ್ಕೆ ದಿಂಬು ಆನಿಸಿಕೊಂಡು ನಿಂತಿವೆ. ಇಂಥ ಸೆಟ್ಟನ್ನು ಕೊಂದುಬಿಟ್ಟಿರಲ್ಲ, ಸ್ಟೀರಿಯೋ ಎಂದರೆ ಏನೆಂದುಕೊಂಡಿದ್ದೀರಿ, ಎಡಗಿವಿಗೆ ಒಂದು, ಬಲಗಿವಿಗೆ ಒಂದು, ಎರಡೂ ಸೇರಿ ಒಂದು ಚಿತ್ರ ಎಂದು ಪಾಠ ಶುರು ಮಾಡಿದರು. ದೊಡ್ಡಮ್ಮ ಅವರ ತುಟಿಯನ್ನು ಕೊನೆಯವರೆಗೂ ತಾಳ್ಮೆಯಿಂದ ಓದಿದಳು.

"ನಿಮ್ಮ ಸ್ಟೀರಿಯೋ ಎರಡು ಕಿವಿಗೆ," ಎಂದಳು. "ನಮ್ಮದು ಎರಡು ಜನಕ್ಕೆ."

ಮಾವ ದೊಡ್ಡಪ್ಪನ ಕಡೆ ತಿರುಗಿ, ನೀನಾದರೂ ಹೇಳೋ ಎಂದರು. ದೊಡ್ಡಪ್ಪ ಅವರ ಕೈಗೆ ಚಹಾ ಕೊಟ್ಟು, ಮೂರನೆಯ ಕುರ್ಚಿ ಹಾಕಿ, ಹಾಡು ಹಚ್ಚಿದ. ಆ ಕುರ್ಚಿಯಲ್ಲಿ ಕೂತವರಿಗೆ ಎರಡು ಬಗೆಯ ದನಿ ಕಲಸಿಕೊಂಡು ಬರುತ್ತಿತ್ತು, ಪಾಪ, ಅವರ ಮುಖ ಹುಳಿ ತಿಂದಂತಾಯಿತು. ಒಂದು ಹಾಡು ಮುಗಿಯುವವರೆಗೆ ತಡೆದುಕೊಂಡರು. ಸೋತವರಂತೆ ಕಾಣಲು ಇಷ್ಟವಿಲ್ಲದೆ ಕೊನೆಯದಾಗಿ ಒಂದು ಸಲಹೆ ಕೊಟ್ಟರು. ಈಗ ಹೇಗೂ ಅವಳಿಗೆ ಕೇಳಿಸುತ್ತದಲ್ಲ, ಇನ್ನು ಮುಖ ನೋಡಿಕೊಂಡು ಕೂರುವ ಅಗತ್ಯವೇನಿದೆ, ಸ್ಪೀಕರು ಹೇಗಾದರೂ ಇರಲಿ, ಕುರ್ಚಿಗಳನ್ನಾದರೂ ಗೋಡೆಗುಂಟ ಸಾಲಾಗಿ ಹಾಕಿಸುತ್ತೇನೆ ಎಂದು ಎದ್ದು ದೊಡ್ಡಮ್ಮನ ಕುರ್ಚಿಯ ಬೆನ್ನಿಗೆ ಕೈ ಹಾಕಿದರು.

ದೊಡ್ಡಮ್ಮ ಅವರ ಕಡೆ ತಿರುಗಲಿಲ್ಲ. ಎದುರಿಗಿದ್ದ ಗಂಡನನ್ನು ನೋಡುತ್ತ, ತುಟಿಗಳನ್ನು ಅಗಲವಾಗಿ ತೆರೆದು ಮುಚ್ಚಿ, ಸದ್ದೇ ಇಲ್ಲದೆ, ಮಿಲ್ಲಿನ ಮಾತಿನಲ್ಲಿ ಹೇಳಿದಳು. ಕುರ್ಚಿ ಇನ್ನೊಂದು ಸಲ ಅಲ್ಲಾಡಿದರೆ ಕೈ ಮುರಿದು ಆ ಅಳತೆ ಟೇಪಿನಲ್ಲೇ ಕಟ್ಟಿ ಕಳಿಸ್ತೀನಿ ಅಂತ ಹೇಳಿ ಇವರಿಗೆ. ಬಾಗಿಲಲ್ಲಿದ್ದ ನನಗೆ ಒಂದೊಂದು ಅಕ್ಷರವೂ ಸ್ಪಷ್ಟವಾಗಿ ಕಂಡಿತು.

ಏನಂದಳು ಎಂದು ಮಾವ ಕೇಳಿದರು.

"ಕುರ್ಚಿ ಇಲ್ಲೇ ಇರ್ಲಿ ಅಂತಾಳೆ," ಎಂದ ದೊಡ್ಡಪ್ಪ, ಮುಂದಿನ ಹಾಡಿಗೆ ತುಟಿ ತೆರೆಯುತ್ತ.